ಉದ್ದವ್ವನ ಬದಲಿಗೆ ಪ್ರಾಂಜಲಾ

ಗೋಕಾಕ
೧೩ ಸೆಪ್ಟೆಂಬರ್ ೨೦೨೪, ಶುಕ್ರವಾರ ಸಂಜೆ

ಪೂಜ್ಯ ಆಯಿಯವರಿಗೆ ನಿಮ್ಮ ಸೊಸೆ ಶುಭಾಂಗಿಯ ಜಯ ಜಿನೇಂದ್ರ.

ಮೊಣಕಾಲು ಹೇಗಿದೆ? ಬಾಹುಬಲಿಯ ಗುಡ್ಡ ಹತ್ತುವುದಿಲ್ಲ ಎಂದು ಡಾಕ್ಟರರಿಗೆ ಮಾತು ಕೊಟ್ಟು ಹೋದವರು ನೀವು. ಆದರೆ ಹತ್ತಿದ್ದೂ ಆಯಿತು, ಇಳಿದದ್ದೂ ಆಯಿತು ಎಂದು ಪಕ್ಕದ ಮನೆಯ ಬಾಪುಸಾಹೇಬ ಕಾಕಾ ಹೇಳಿಬಿಟ್ಟಿದ್ದಾರೆ. ಅವರನ್ನು ಬೈಯಬೇಡಿ, ನಾನೇ ಕೆದಕಿ ಕೇಳಿದೆ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಷ್ಟೆ? ಚಾತುರ್ಮಾಸ ಮುಗಿಯುವವರೆಗೆ ಮೊಬೈಲ್ ಮುಟ್ಟುವುದಿಲ್ಲ ಎಂದು ನೀವು ತ್ಯಾಗ ಮಾಡಿದಾಗ ನಿಮ್ಮ ಮಗ ನಕ್ಕಿದ್ದರು. ಈಗ ಅವರೇ ದಿನಕ್ಕೊಮ್ಮೆ ‘ಆಯಿಗೆ ಇದನ್ನ ಹೇಳಬೇಕಿತ್ತಲಾ’ ಅನ್ನುತ್ತಾರೆ. ನನಗೆ ಮಾತ್ರ ಕಾಗದ ಬರೆಯುವ ಸುಖ ಮರಳಿ ಸಿಕ್ಕಿದೆ. ಫೋನಿನಲ್ಲಿ ನಾನು ಎಂದೂ ಇಷ್ಟು ಮಾತಾಡಿದವಳಲ್ಲ. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಕಾಕಾ ಮತ್ತೆ ಅಲ್ಲಿಗೆ ದರ್ಶನಕ್ಕೆ ಹೊರಟಿದ್ದಾರೆ. ಅವರ ಚೀಲದಲ್ಲಿ ಇದೂ ಬರುತ್ತದೆ.

ಆಯಿ, ನಾವು ಗೆದ್ದೆವು! ಇವತ್ತು ಮೂಡಲಗಿಯ ಮೈದಾನದಲ್ಲಿ, ಮೂಡಲಗಿಯವರನ್ನೇ ಸೋಲಿಸಿ ಬಂದೆವು. ಪರ್ವದ ಆರನೆಯ ದಿನ, ಉತ್ತಮ ಸಂಯಮದ ದಿನವೇ ನಿಮ್ಮ ಸೊಸೆ ಕೂಗಿ ಕೂಗಿ ಗಂಟಲು ಕಳೆದುಕೊಂಡಿದ್ದಾಳೆ. ಕಾಲೇಜಿನಲ್ಲಿ ಕವಿತೆ ಪಾಠ ಮಾಡುವವಳನ್ನು ಹುಡುಗಿಯರ ಬೇಸ್‌ಬಾಲ್ ತಂಡಕ್ಕೆ ಮ್ಯಾನೇಜರ್ ಮಾಡಿದಾಗ, ಜೊತೆಗೊಬ್ಬ ಹೆಂಗಸು ಇರಲಿ ಎಂದಷ್ಟೇ ಮಾಡಿದ್ದು. ಈಗ ಕನಸಿನಲ್ಲೂ ನಾನು ಬೇಸ್‌ನಿಂದ ಬೇಸ್‌ಗೆ ಓಡುತ್ತೇನೆ. ಈ ಪಂದ್ಯ ಆಗಸ್ಟಿನಲ್ಲೇ ಆಗಬೇಕಿತ್ತು. ಮಳೆ ಹಿಡಿದು ಎರೆಮಣ್ಣಿನ ಮೈದಾನ ಕೆಸರಾಗಿ, ಮುಂದಕ್ಕೆ ಹೋಗಿ ಹೋಗಿ ಸರಿಯಾಗಿ ನಮ್ಮ ಹತ್ತು ದಿನದ ದಶಲಕ್ಷಣ ಪರ್ವದೊಳಗೆ ಬಂದು ಕುಳಿತಿತು.

ತಂಡದ ಸ್ಥಿತಿ ಕೇಳಿದರೆ ನೀವು ಮರುಗುತ್ತೀರಿ. ನಮ್ಮಲ್ಲಿ ಚೆಂಡು ಎಸೆಯುವವಳು, ಅಂದರೆ ಪಿಚರ್, ನಾಗನೂರಿನ ಉದ್ದವ್ವ. ಹೋದ ವಾರ ಅವಳ ಭುಜ ಬಾತು, ತೋಳನ್ನು ಕುತ್ತಿಗೆಗೆ ತೂಗುಹಾಕಿಕೊಂಡು ಬಂದಳು. ಮರುದಿನವೇ ಅವಳ ಎಸೆತ ಹಿಡಿಯುವ ಕ್ಯಾಚರ್ ದೀಪಾಳ ಹೆಬ್ಬೆರಳು ಬಿರುಕು ಬಿಟ್ಟಿತು. ದೀಪಾ ನಿಮಗೆ ಗೊತ್ತು. ಬೆಲ್ಲದ ಬಾಗೇವಾಡಿಯ ಹುಡುಗಿ, ನಮ್ಮ ಮನೆಗೆ ಬಂದಾಗಲೆಲ್ಲ ನಿಮ್ಮ ಕೈಯಿಂದ ಚಕ್ಕಲಿ ಇಸಿದುಕೊಳ್ಳುವವಳು. ಆಟದ ಎರಡು ಕಣ್ಣುಗಳಂತಿದ್ದವರು ಇಬ್ಬರೂ ಬೆಂಚಿನ ಮೇಲೆ. ದೀಪಾಳ ಜಾಗಕ್ಕೆ ಯಲ್ಲವ್ವ ಸಿಕ್ಕಳು. ಉದ್ದವ್ವನ ಜಾಗಕ್ಕೆ ಇದ್ದವಳು ಒಬ್ಬಳೇ. ನಿಮ್ಮ ಮೊಮ್ಮಗಳು ಪ್ರಾಂಜಲಾ.

ಅವಳು ಏಕಾಶನದಲ್ಲಿದ್ದಾಳಲ್ಲ ಆಯಿ. ಈ ವರ್ಷ ನಿಮಗೆ ಡಾಕ್ಟರರು ಬೇಡವೆಂದಾಗ, ನಿಮ್ಮ ಬದಲಿಗೆ ತಾನು ಹತ್ತೂ ದಿನ ಮಾಡುವುದಾಗಿ ಬಸದಿಯಲ್ಲಿ ನಿಮ್ಮ ಕೈ ಹಿಡಿದು ಹೇಳಿದಳಲ್ಲ. ದಿನಕ್ಕೆ ಒಂದೇ ಊಟ, ಆ ಊಟದ ಜೊತೆಗೇ ನೀರು, ಆಮೇಲೆ ಮರುದಿನದವರೆಗೆ ಹನಿಯೂ ಇಲ್ಲ. ಅಂಥವಳನ್ನು ಮಧ್ಯಾಹ್ನದ ಬಿಸಿಲಲ್ಲಿ ನಿಲ್ಲಿಸುವುದು ಹೇಗೆ? ಅದರ ಮೇಲೆ ಮ್ಯಾನೇಜರ್ ಮಗಳೆಂಬ ಮಾತು ಬೇರೆ. ಅವಳನ್ನು ಬಿಟ್ಟುಬಿಡಿ ಎಂದು ಕೋಚ್ ಸತ್ತೆಪ್ಪ ಅವರಿಗೆ ಹೇಳಿದೆ. ಆ ಮನುಷ್ಯ ಟೋಪಿ ತೆಗೆದು ತಲೆ ಕೆರೆದುಕೊಂಡು, ‘ಮೇಡಂ, ಮಗಳು ಅಂತ ಒಳಗ ಹಾಕಿದ್ರ ತಪ್ಪು, ಖರೆ. ಮಗಳು ಅಂತ ಹೊರಗ ಇಟ್ರ ಅದೇನು ನ್ಯಾಯ ಆತೇನ್ರಿ?’ ಅಂದರು. ಪ್ರಾಂಜಲಾಳನ್ನು ಕೇಳಿದರೆ ‘ಎರಡೂ ಮಾಡ್ತೀನಿ ಮಮ್ಮಿ’ ಅಂದಳು, ಬಟ್ಟೆ ಒಗೆದು ಪಾತ್ರೆಯನ್ನೂ ತೊಳೆಯುತ್ತೇನೆ ಅನ್ನುವ ಹಾಗೆ. ನಾನು ಆಡುವವರ ಪಟ್ಟಿಗೆ ಸಹಿ ಮಾಡಿದೆ.

ಬೆಳಿಗ್ಗೆ ಬಿಸಿ ರೊಟ್ಟಿ, ಹೆಸರುಬೇಳೆ, ತುಪ್ಪ ಬಡಿಸಿದೆ. ಮೌನವಾಗಿ ಉಂಡಳು, ನೀರು ಕುಡಿದು ಎದ್ದಳು. ಮೂಡಲಗಿ ಮೈದಾನದ ಬಾಜೂ ಗಣಪತಿ ಮಂಟಪ. ಅಲ್ಲಿನ ಸ್ಪೀಕರಿನ ಹಾಡಿನಲ್ಲಿ ಅಂಪೈರ್ ಕೂಗಿದ್ದು ಅಂಪೈರಿಗೇ ಕೇಳಿಸುತ್ತಿರಲಿಲ್ಲ. ಸುದ್ದಿ ಹೇಗೋ ಹರಡಿತ್ತು. ಆ ಊರಿನವರೊಬ್ಬರು ‘ಉಪಾಸ ಇದ್ದ ಹುಡುಗಿಗೆ ಚೆಂಡರ ಎತ್ತಾಕ ಬರತೈತೇನ್ರಿ?’ ಅಂದರು. ತೂಗುಹಾಕಿದ ತೋಳಿನ ಉದ್ದವ್ವ ಬೆಂಚಿನಿಂದೆದ್ದು ‘ಹೊಟ್ಟಿ ತುಂಬ ಉಂಡು ಬಂದ ನಿಮ್ಮ ಹುಡಿಗ್ಯಾರ ಬ್ಯಾಟಿಗೆ ಅದು ಸಿಗವಲ್ದಲ್ರಿ, ಅವರಿಗಿ ಕೇಳ್ರಿ ಮದಲ!’ ಎಂದಳು. ಅವಳು ಆಡಲಿಲ್ಲವೆಂದು ಯಾರು ಹೇಳಿಯಾರು? ಒಂದೊಂದು ಎಸೆತಕ್ಕೂ ‘ತೋಳಿಲೆ ಒಗೀಬ್ಯಾಡ, ಕಾಲಿಲೆ ಒಗಿ’ ಎಂದು ಕೂಗುತ್ತ, ಒಳ್ಳೆಯ ತೋಳನ್ನೂ ನೋಯಿಸಿಕೊಂಡಳು.

ನಿಮ್ಮ ಮಗ ಅಂಗಡಿ ಮುಚ್ಚಿ ಬಂದಿದ್ದರು. ಕ್ರಿಕೆಟ್ ಎಂದೇ ತಿಳಿದು, ಚೆಂಡು ದೂರ ಹೋದಾಗಲೆಲ್ಲ ‘ಚೌಕಾ!’ ಎಂದು ಕುಣಿದರು. ಅದನ್ನು ಹೊಡೆದವರು ಎದುರು ಪಕ್ಷದವರಾಗಿದ್ದರೂ.

ಪ್ರಾಂಜಲಾ ಎಸೆಯುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಚೆಂಡು ಕೈ ಬಿಡುವ ಮೊದಲು ಅವಳು ಒಂದು ಕ್ಷಣ ಪೂರ್ತಿ ನಿಲ್ಲುತ್ತಾಳೆ. ಕವಿತೆಯಲ್ಲಿ ಸಾಲು ಮುಗಿದು ಮುಂದಿನ ಸಾಲು ಇನ್ನೂ ಹುಟ್ಟದ ಕಡೆ ಅಂಥದೊಂದು ನಿಲುಗಡೆ ಇರುತ್ತದೆ. ತರಗತಿಯಲ್ಲಿ ಎಷ್ಟು ವಿವರಿಸಿದರೂ ಮಕ್ಕಳಿಗೆ ತಲುಪದ್ದು, ಅಲ್ಲಿ ಸುಮ್ಮನೆ ನಡೆಯುತ್ತಿತ್ತು. ಕೊನೆಯ ಇನ್ನಿಂಗ್ಸ್ ಹೊತ್ತಿಗೆ ನಾವು ಒಂದೇ ರನ್ ಮುಂದಿದ್ದೆವು. ಅವರ ಇಬ್ಬರು ಔಟಾಗಿದ್ದರು, ಇನ್ನೊಬ್ಬಳು ಔಟಾದರೆ ಆಟ ನಮ್ಮದು. ಆದರೆ ಒಬ್ಬಳು ಮೂರನೆಯ ಬೇಸ್‌ನಲ್ಲಿ ಓಡಲು ಸಿದ್ಧಳಾಗಿದ್ದಳು. ಆಗ ಪ್ರಾಂಜಲಾಳ ಕಾಲು ತುಸು ಓಲಾಡಿತು. ಆಟ ನಿಲ್ಲಿಸಿದರು. ದೀಪಾ ಅವಳ ಹತ್ತಿರ ಓಡಿ ಹೋಗಿ ಬಂದಳು. ಸುತ್ತ ಹುಡುಗಿಯರು ನೆರೆದಿದ್ದರಿಂದ ಏನು ನಡೆಯಿತೆಂದು ನನಗೆ ಕಾಣಲಿಲ್ಲ. ಮತ್ತೆ ಆಟ ಶುರುವಾಯಿತು. ಮೂಡಲಗಿಯ ಹುಡುಗಿ ಮೂರನೆಯ ಸಲವೂ ಬ್ಯಾಟ್ ಬೀಸಿದಳು, ಗಾಳಿಗೆ. ಮೂರು ತಪ್ಪಿದರೆ ಔಟು. ಚೆಂಡು ಯಲ್ಲವ್ವನ ಕೈಗವಸಿನೊಳಗೆ ಟಪ್ ಎಂದು ಬಿದ್ದ ಸದ್ದು ಸ್ಪೀಕರಿನ ಹಾಡನ್ನೂ ದಾಟಿ ನನಗೆ ಕೇಳಿಸಿತು. ಆಮೇಲೆ ನಾನೇನು ಮಾಡಿದೆನೋ ಗೊತ್ತಿಲ್ಲ. ನನ್ನ ಕನ್ನಡಕ ಸತ್ತೆಪ್ಪ ಅವರ ಕೈಯಲ್ಲಿತ್ತು.

ಇನ್ನು ಫೈನಲ್. ರವಿವಾರ ಹುಕ್ಕೇರಿಯಲ್ಲಿ, ಹುಕ್ಕೇರಿಯವರ ಮೇಲೆ. ಆಡುವವರ ಹೆಸರನ್ನು ನಾಳೆ ಮಧ್ಯಾಹ್ನದೊಳಗೆ ಕೊಡಬೇಕು. ಎಲ್ಲರದೂ ಬರೆದಾಯಿತು, ಪಿಚರ್ ಜಾಗ ಮಾತ್ರ ಖಾಲಿ. ಬಸ್ಸಿನಲ್ಲಿ ಎಲ್ಲರೂ ಹಾಡುತ್ತ ಕರದಂಟು ಹಂಚಿಕೊಳ್ಳುತ್ತಿದ್ದರೆ ಪ್ರಾಂಜಲಾ ಕಿಟಕಿಯಾಚೆ ಕಬ್ಬು ನೋಡುತ್ತ ಕೂತಿದ್ದಳು. ಮನೆಗೆ ಬಂದ ಮೇಲೂ ಬಾಯಿ ಬಿಚ್ಚಿಲ್ಲ. ‘ರವಿವಾರ ಏನ ಮಾಡ್ತಿ?’ ಅಂದರೆ ‘ನೋಡೋಣ’ ಎನ್ನುತ್ತಾಳೆ. ಅವಳಿಲ್ಲದಿದ್ದರೆ ನಮಗೆ ಎಸೆಯುವವರೇ ಇಲ್ಲ. ಆದರೂ ಒತ್ತಾಯಿಸಲು ನನ್ನ ನಾಲಿಗೆ ಏಳುತ್ತಿಲ್ಲ.

ಪೂಜೆ ಪ್ರವಚನಗಳ ನಡುವೆ ನಿಮ್ಮ ನಿದ್ದೆ ಕೆಡದಿರಲಿ. ಅಲ್ಲಿನ ತ್ಯಾಗಿಗಳಿಗೆಲ್ಲ ನಮ್ಮ ವಂದನೆ ತಿಳಿಸಿ. ನಿಮ್ಮ ಮಗನ, ಮೊಮ್ಮಗಳ ನಮಸ್ಕಾರಗಳು. ನಿಮ್ಮ ಕೈ ನಮ್ಮ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ಶುಭಾಂಗಿ

ತಾ.ಕ.: ಬೆಳಗಾಯಿತು, ಕಾಕಾ ಬಾಗಿಲಲ್ಲಿ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ದೀಪಾ ಓಡಿ ಹೋದದ್ದು ನೀರು ಕೊಡಲು. ನೀವು ನೀರು ಕುದಿಸಿ ಆರಿಸಿ ಕುಡಿಯುವುದನ್ನು ಅವಳು ನಮ್ಮ ಮನೆಯಲ್ಲಿ ನೋಡಿದ್ದಾಳೆ. ಕುದಿಸಿದ್ದಾದರೆ ವ್ರತದವರಿಗೆ ಯಾವಾಗಲೂ ನಡೆಯುತ್ತದೆ ಎಂದುಕೊಂಡು, ಗಣಪತಿ ಮಂಟಪದವರ ಒಲೆಯ ಮುಂದೆ ನಿಂತು ಕುದಿಸಿ, ಆರಿಸಿ ಮೊದಲೇ ತಂದಿಟ್ಟಿದ್ದಳು. ಒಂದು ಕೈಯ ಹೆಬ್ಬೆರಳಿಗೆ ಪಟ್ಟಿ, ಇನ್ನೊಂದು ಕೈ ಹಬೆ ತಾಗಿ ಕೆಂಪಾಗಿತ್ತು. ‘ನಿಮ್ಮ ಮಂದಿಗೆ ನಡೀತೈತಿ, ಕುಡಿ’ ಅಂದಳಂತೆ. ಪ್ರಾಂಜಲಾ ಆ ಕೈ ನೋಡಿ ಕುಡಿದುಬಿಟ್ಟಳು. ‘ನೀರಡಿಕಿಗೆ ಕುಡದಿಲ್ಲ’ ಎಂದು ಈಗ ನನ್ನ ಮುಂದೆ ಅತ್ತಳು. ಕಣ್ಣೊರೆಸಿಕೊಂಡು ‘ನೀರಡಿಕಿನೂ ಆಗಿತ್ತು’ ಅಂದಳು. ವ್ರತ ಮುರಿದವಳು ರವಿವಾರ ಯಾವ ಮುಖದಲ್ಲಿ ಆಡಲಿ ಎಂಬುದೇ ಅವಳ ಮೌನಕ್ಕೆ ಕಾರಣ. ಕಾಕಾ ಅವರ ಕೈಯಲ್ಲಿ ನಿಮ್ಮನ್ನೇ ಕೇಳಿಸೋಣ ಅಂದೆ. ಅಷ್ಟರಲ್ಲಿ ದೀಪಾಳ ಫೋನು ಬಂತು. ಹುಕ್ಕೇರಿಗೆ ಎರಡು ಥರ್ಮಾಸ್ ತುಂಬ ಕುದಿಸಿದ ನೀರು ತರುತ್ತಾಳಂತೆ! ಪ್ರಾಂಜಲಾ ಬೂಟು ಹಾಕಿಕೊಳ್ಳುತ್ತ ಹೇಳಿದಳು: ‘ತರಲಿ. ಆಕಿಗೆ ಯಾರೂ ಏನೂ ಹೇಳಬ್ಯಾಡ್ರಿ. ಕುಡದು ಆಡ್ತೀನಿ. ನನ್ನ ಹತ್ತು ದಿನ ಸೋಮವಾರದಿಂದ ಮತ್ತ ಮದಲಿಂದ. ಪರ್ವ ಮುಗದ್ರೂ ಮುಗೀಲಿ. ಆಯಿಗೆ ಕೇಳಬ್ಯಾಡ ಮಮ್ಮಿ, ತಿಳಿಸು.’ ತಿಳಿಸಿದ್ದೇನೆ. ಪಟ್ಟಿಯಲ್ಲಿ ಅವಳ ಹೆಸರನ್ನೂ ಬರೆದಿದ್ದೇನೆ.