ಗದ್ದದೆತ್ತರದ ಹಸಿರು

ಸಸ್ಯಸಂಗ್ರಹಾಲಯ, ಎರಡನೇ ಮಹಡಿ
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ದೊಡ್ಡಮ್ಮಾ,

ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ಡಾಕ್ಟರು ಹೇಳಿದರೆ ನೀನು ಸ್ಟೂಲು ಹತ್ತುತ್ತೀಯಂತೆ. ದೊಡ್ಡಪ್ಪ ಫೋನಿನಲ್ಲಿ ಚಾಡಿ ಹೇಳಿದರು. ಇಲ್ಲಿ ನಾವೆಲ್ಲ ಕ್ಷೇಮ.

ನನ್ನ ಕೆಲಸ ಗೊತ್ತಲ್ಲ, ನೀನು ನಿವೃತ್ತಿಯವರೆಗೆ ದುಡಿದ ಇದೇ ಕಟ್ಟಡದಲ್ಲಿ, ಒಣಗಿಸಿಟ್ಟ ಗಿಡಗಳ ಚೀಟಿಗಳನ್ನು ಕಂಪ್ಯೂಟರಿಗೆ ಏರಿಸುವುದು. ಈ ತಿಂಗಳು ಲಿವರ್‌ವರ್ಟ್‌ಗಳ ಸರದಿ. ಒದ್ದೆ ಕಲ್ಲಿಗೆ ಅಂಟಿಕೊಂಡು ಬೆಳೆಯುವ, ಪಾಚಿಯ ನೆಂಟನಂಥ ಪುಟ್ಟ ಗಿಡಗಳು. ಒಂದು ಜಾತಿಯದೇ ನಲವತ್ತೊಂದು ಪೊಟ್ಟಣಗಳಿವೆ. ಎಲ್ಲದರ ಮೇಲೂ ‘ಸಂಗ್ರಹಿಸಿದವರು’ ಎಂದು ಆಗಿನ ನಿನ್ನ ಪ್ರೊಫೆಸರರ ಹೆಸರು, ಅಕ್ಷರ ಮಾತ್ರ ನಿನ್ನದು. ಸಹಾಯಕಿ ತಂದದ್ದೂ ಯಜಮಾನರ ಹೆಸರಿಗೇ ಹೋಗುವುದು ಆಗಿನ ರೂಢಿಯಂತೆ. ಅವರು ಜಾರುವ ಜಾಗಕ್ಕೆ ಕಾಲೇ ಇಡುತ್ತಿರಲಿಲ್ಲವೆಂದು ನೀನೇ ನಗುತ್ತಿದ್ದೆಯಲ್ಲ! ಆದರೆ ಎಂಥ ಬರಹ ದೊಡ್ಡಮ್ಮಾ! ಬಿಸಿಲು ಎಷ್ಟು ಹೊತ್ತು, ನೀರು ಯಾವ ಕಡೆಯಿಂದ ಜಿನುಗುತ್ತದೆ, ಪಕ್ಕದಲ್ಲಿ ಯಾವ ಹುಳು ಇತ್ತು, ಒಂದನ್ನೂ ಬಿಟ್ಟಿಲ್ಲ. ಓದುತ್ತಾ ಹೆಮ್ಮೆಯಿಂದ ಕಣ್ಣು ತುಂಬಿತು.

ಕೊನೆಯ ಪೊಟ್ಟಣದ ಮೇಲೆ ‘ಹಳೇ ಕಾಲುವೆಯ ಕಲ್ಲುಗೋಡೆ, ನಿಂತರೆ ಗದ್ದದೆತ್ತರ’ ಎಂದಿತ್ತು. ಬೇರೆ ಜಾಗಗಳೆಲ್ಲ ಕಟ್ಟಡಗಳ ಅಡಿ ಸೇರಿವೆ. ಇಲ್ಲಿಯೂ ಮೂರು ಸಲ ಹುಡುಕಿ, ಈ ಜಾತಿ ಅಳಿದೇ ಹೋಯಿತೆಂದು ನಮ್ಮವರು ಕೈಬಿಟ್ಟಿದ್ದರು. ಹುಡುಕಿದ್ದು ಹೇಗೆ ಗೊತ್ತೇ? ಆರಡಿ ಪ್ರೊಫೆಸರರ ಗದ್ದ ಅಳೆದು! ಅಲ್ಲಿ ಒಣಕಲ್ಲು ಬಿಟ್ಟು ಇನ್ನೇನಿರುತ್ತದೆ? ನನಗೆ ನಗು ತಡೆಯಲಾಗಲಿಲ್ಲ. ನಿನ್ನ ತಲೆಯೇ ನನ್ನ ಭುಜಕ್ಕೆ ಬರುತ್ತದೆ, ಗದ್ದ ಇನ್ನೂ ಒಂದು ಗೇಣು ಕೆಳಗೆ. ಭಾನುವಾರ ಹೋಗಿ ಆ ಮಟ್ಟದಲ್ಲಿ ಬಗ್ಗಿ ನೋಡಿದೆ. ಎರಡು ಕಲ್ಲುಗಳ ಸಂದಿನಲ್ಲಿ ಅಂಗೈಯಗಲ ಹಸಿರು! ಚೂರು ತಂದು ತೋರಿಸಿದರೆ ನಮ್ಮ ಮೇಲಧಿಕಾರಿ ಸೂಕ್ಷ್ಮದರ್ಶಕ ಬಿಟ್ಟು ಎದ್ದು ನಿಂತು, “ಅದೇ ಕಣಮ್ಮಾ, ಅದೇ!” ಎಂದರು. ಅರ್ಧ ದಿನ ಯಾರೂ ಕೆಲಸ ಮಾಡಲಿಲ್ಲ.

ದೊಡ್ಡಪ್ಪನಿಗೆ ನಮಸ್ಕಾರ. ಸ್ಟೂಲು ಬಚ್ಚಿಡಲು ಅವರಿಗೆ ಹೇಳಿದ್ದೇನೆ.

ನಿನ್ನ ಆಶೀರ್ವಾದ ಬೇಡುವ ತಂಗಿಯ ಮಗಳು,
ನೀನೇ ಹೆಸರಿಟ್ಟ ‘ಏಣಿ’

ವಿ.ಸೂ.: ಅವಸರದಲ್ಲಿ ಮುಖ್ಯ ವಿಷಯವೇ ಬಿಟ್ಟೆ. ಮುಂದಿನ ಶುಕ್ರವಾರ ದಾಖಲೆ ಮುಚ್ಚುತ್ತಾರೆ, ಆಮೇಲೆ ಪ್ರೊಫೆಸರರ ಹೆಸರೇ ಖಾಯಂ. ತಿದ್ದಬೇಕಾದರೆ ‘ತಂದದ್ದು ನಾನೇ’ ಎಂದು ನಿನ್ನ ಕೈಬರಹದ ಕಾಗದ ಬೇಕಂತೆ. ‘ಹೋಗ್ಲಿ ಬಿಡೇ, ಹೆಸರು ಕಟ್ಕೊಂಡು ಏನಾಗ್ಬೇಕು’ ಎನ್ನಬೇಡ. ನನಗೆ ಆಗಬೇಕು. ಇನಿಷಿಯಲ್ ಸಮೇತ ಪೂರ್ತಿ ಹೆಸರು ಬರೆ. ಆ ಕಾಲಂ ತುಂಬಲು ಕೂತಾಗ ನಾಚಿಕೆಯಾಯಿತು. ಹುಟ್ಟಿದಾಗಿನಿಂದ ದೊಡ್ಡಮ್ಮ ಎಂದೇ ಕರೆದ ನನಗೆ ನಿನ್ನ ಇನಿಷಿಯಲ್ ಗೊತ್ತಿಲ್ಲ.