ನಾನು ಅಳಿಸಿದ ಗಡ್ಡ

ಅಕ್ಟೋಬರ್ 14, ಸೋಮವಾರ

ಬೆಳಿಗ್ಗೆ ಮತ್ತೆ ಹಿನ್ನೆಲೆ ಪರದೆಗೆ ಇಸ್ತ್ರಿ. ಕಾಫಿ. ದೀಪಗಳ ವೈರು ಸುತ್ತಿದ್ದು. ಇದಕ್ಕಾ ಸಾಹಿತ್ಯ ಓದಿದ್ದು ಅಂತ ಅಮ್ಮ ಫೋನಿನಲ್ಲಿ ನಕ್ಕಳು.

ಇವತ್ತು ಫೋಟೋಗೆ ಕೂತವರು ಮರೈನ್. ಐವತ್ತೆಂಟು ವರ್ಷ. ಆಂಟ್‌ವರ್ಪಿನಲ್ಲೇ ಹುಟ್ಟಿ, ಇಲ್ಲೇ ಟ್ರಾಮ್ ಓಡಿಸುವವರು. ಗಂಡೂ ಅಲ್ಲ, ಹೆಣ್ಣೂ ಅಲ್ಲ, "ಮರೈನ್ ಅಂದ್ರೆ ಸಾಕು." ಫ್ಯಾಶನ್ ವಿದ್ಯಾರ್ಥಿಯೊಬ್ಬ ಹೊಲಿದ ಹಸಿರು ರೇಷ್ಮೆ ಗೌನು. ಹಿಂದೆ ಉದ್ದಕ್ಕೆ ನೆಲ ಗುಡಿಸುವ ಸೆರಗು.

"ಇದು ಟ್ರಾಮ್ ಬಾಗಿಲಿಗೆ ಸಿಕ್ತು ಅಂದ್ರೆ ನಾನು ಇಲ್ಲಿ, ಗೌನು ಅಲ್ಲಿ ಬೆರ್ಚೆಮ್ ಸ್ಟಾಪ್‌ನಲ್ಲಿ!"

"ನಗಿಸ್ಬೇಡಿ ಮರೈನ್, ಕೈ ಅಲ್ಲಾಡತ್ತೆ," ಕ್ಯಾಮೆರಾ ಹಿಂದಿನಿಂದ ನಮ್ಮ ಫೋಟೋಗ್ರಾಫರ್ ಗೋಡಲೀವ ಅಂದಳು.

ಅಕ್ಟೋಬರ್ 17

ಗೋಡಲೀವ ತೆಗೆದ ಚಿತ್ರವನ್ನು ತಿರುಗಿ ನೋಡುವವಳಲ್ಲ. ತೆಗೆಯುವುದು ಅವಳ ಕೆಲಸ, ಕಂಪ್ಯೂಟರಿನಲ್ಲಿ ಟಚಪ್ ನನ್ನದು. ಧೂಳು, ದಾರದ ಎಳೆ, ಪರದೆಯ ಸುಕ್ಕು — ಅಷ್ಟೇ ಅಳಿಸಬೇಕು.

ಮರೈನ್ ಗಲ್ಲದ ಮೇಲೆ ಬೂದು ಗಡ್ಡದ ಮೊಳಕೆ. ಪಾಪ, ಡ್ಯೂಟಿಯಿಂದ ನೇರ ಬಂದಿರಬೇಕು. ಅಂಥ ಗೌನು ತೊಟ್ಟೂ ಹೀಗೆ... ಒಂದೊಂದೇ ಕೂದಲು ಅಳಿಸಿದೆ. ಎಷ್ಟು ಚಂದ ಕಂಡರು! ಯಾರಿಗೂ ಹೇಳದೆ ಮಾಡಿದ ಉಪಕಾರ. ಖುಷಿಗೆ ಮನೆತನಕ ನಡೆದೇ ಹೋದೆ.

ಅಕ್ಟೋಬರ್ 29

ಸ್ಟುಡಿಯೋದ ಪದ್ಧತಿ: ಪ್ರಿಂಟನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ನಾವು ಹೊರಗೆ ಹೋಗುವುದು. ಚಿತ್ರದಲ್ಲಿರುವವರೇ ತಿರುಗಿಸಿ ಮೊದಲು ನೋಡಬೇಕು, ಒಬ್ಬರೇ.

ಇವತ್ತು ಮರೈನ್ ಸರದಿ. ನೋಡಿ ಆಗಿರಬೇಕು ಅಂತ ಕಾಫಿ ಹಿಡಿದು ಒಳಗೆ ಹೋದೆ.

"ಚೆನ್ನಾಗಿದಾಳೆ. ಯಾರಿವಳು?" ಮರೈನ್ ನಕ್ಕರು. ಕಣ್ಣು ನಗಲಿಲ್ಲ. "ನಾಲ್ಕು ದಿನ ಬ್ಲೇಡು ಮುಟ್ಟಿರ್ಲಿಲ್ಲ ಪುಟ್ಟಿ. ಡಿಪೋದಲ್ಲಿ ಎಲ್ರೂ ಗೇಲಿ ಮಾಡಿದ್ರು. ಗೌನೂ ನಂದೇ, ಗಡ್ಡಾನೂ ನಂದೇ. ಎರಡೂ ಒಟ್ಟಿಗೆ ಒಂದ್ಸಲ ನೋಡ್ಕೋಬೇಕಿತ್ತು."

ಕಪ್ ತೆಗೆದುಕೊಂಡರು.

"ಇರ್ಲಿ ಬಿಡು. ಗೋಡಲೀವ ಕಣ್ಣಿಗೆ ಹೀಗೇ ಸರಿ ಅನ್ಸಿರ್ಬೇಕು. ನಂಗೇನು ಗೊತ್ತಾಗತ್ತೆ?"

ಅವಳಲ್ಲ, ನಾನು. ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

"ಸಕ್ಕರೆ ಸಾಕಾ?" ಅಂದೆ.

ಅದೇ ದಿನ, ಸಂಜೆ

ಗೋಡಲೀವ ಪ್ರಿಂಟಿನ ಮುಂದೆ ನಿಂತಳು.

"ವೇರ್ಲ, ಗಡ್ಡ ಎಲ್ಲೇ?"

ನಾನು ಕೈಯಲ್ಲಿದ್ದ ವೈರು ಸುತ್ತತೊಡಗಿದೆ.

"ಮರೈನ್ ತೆಗಿ ಅಂದ್ರಾ?"

ಹೌದೆಂದು ತಲೆ ಆಡಿಸಿದೆ. ಒಂದು ಸುಳ್ಳು ಮಾತೂ ಆಡಲಿಲ್ಲ. ತಲೆ ಆಡಿಸಿದೆ, ಅಷ್ಟೇ.

"ಹಾಗಾದ್ರೆ ಮುಗೀತು. ಮುಖ ಅವರದು." ಸ್ವಲ್ಪ ತಡೆದು, "ನಾನು ಫೋಟೋ ತೆಗೆದದ್ದೇ ಆ ಗಡ್ಡಕ್ಕೆ ಕಣೇ," ಎಂದಳು.

ಕೂತವರ ಇಷ್ಟವನ್ನು ಅವಳು ಎರಡನೇ ಸಲ ಕೆದಕುವುದಿಲ್ಲ. ನನಗದು ಗೊತ್ತಿತ್ತು. ಅದರ ಮರೆಯಲ್ಲೇ ಅಡಗಿಕೊಂಡೆ.

ನವೆಂಬರ್ 3, ಭಾನುವಾರ

ಮೂಲ ಚಿತ್ರ ಕಂಪ್ಯೂಟರಿನಲ್ಲೇ ಇದೆ. ಬುಧವಾರದೊಳಗೆ ಹೇಳಿದರೆ ಶನಿವಾರದ ಪ್ರದರ್ಶನಕ್ಕೆ ಹೊಸ ಪ್ರಿಂಟ್ ಆಗುತ್ತದೆ.

ಮರೈನ್ ಓಡಿಸುವ ಟ್ರಾಮ್ ಹತ್ತಿದೆ. ಅವರ ಬೆನ್ನ ಹಿಂದೆಯೇ ನಿಂತೆ. ಚಾಲಕರೊಂದಿಗೆ ಮಾತನಾಡಬಾರದು ಎಂಬ ಫಲಕ. ಎಂಥ ವಿಧೇಯ ಪ್ರಯಾಣಿಕಳು ನಾನು! ಕೊನೆಯ ಸ್ಟಾಪ್ ತನಕ ಹೋಗಿ, ಸುಮ್ಮನೆ ಇಳಿದೆ.

ನವೆಂಬರ್ 6

ಬುಧವಾರವೂ ಹೋಯಿತು.

ನವೆಂಬರ್ 9, ಪ್ರದರ್ಶನದ ಸಂಜೆ

ಗ್ಯಾಲರಿಯ ಕೋಟುಗಳ ಕೋಣೆ. ಮೊಣಕಾಲ ಮೇಲೆ ಪುಸ್ತಕ ಇಟ್ಟು ಗೀಚುತ್ತಿದ್ದೇನೆ.

ಮರೈನ್ ಬಂದರು. ಅದೇ ಹಸಿರು ಗೌನು. ಗಲ್ಲ ನುಣ್ಣಗಿದೆ. ಕಿವಿಯ ಕೆಳಗೆ ಬ್ಲೇಡು ತಾಗಿದ ಗಾಯ, ಅದರ ಮೇಲೆ ದಪ್ಪಕ್ಕೆ ಪೌಡರು.

"ಈಗ ಅವಳ ಥರ ಕಾಣ್ತೀನಾ ಪುಟ್ಟಿ? ಜನ ಆ ಫೋಟೋ ನೋಡಿ ನನ್ನ ನೋಡ್ತಾರೆ. ಗೋಡಲೀವಗೆ ಮುಜುಗರ ಆಗ್ಬಾರ್ದಲ್ಲ."

ಕೋಟು ಕಳಚಿ ನನ್ನ ಕೈಗೆ ಕೊಟ್ಟರು. ತೂಗುಹಾಕಲು ಬಂದವಳು ಇಲ್ಲೇ ಕೂತಿದ್ದೇನೆ.

ಬಾಗಿಲ ಸಂದಿಯಿಂದ ಕಾಣುತ್ತದೆ. ಗೋಡಲೀವ ಅವರ ಗಲ್ಲ ಮುಟ್ಟಿ ಏನೋ ಕೇಳುತ್ತಿದ್ದಾಳೆ. ಮರೈನ್ ಚಿತ್ರದತ್ತ ಕೈ ತೋರಿ ಭುಜ ಕುಣಿಸಿದರು. ಗೋಡಲೀವ ಇಲ್ಲ, ಇಲ್ಲ ಎಂದು ತಲೆ ಆಡಿಸುತ್ತಿದ್ದಾಳೆ. ಇಬ್ಬರೂ ಈ ಕಡೆ ತಿರುಗಿದರು.

"ವೇರ್ಲ! ಬಾ ಇಲ್ಲಿ." ಗೋಡಲೀವ ಕರೆದಳು.

ಮೊದಲು ಮರೈನ್‌ಗೆ ಹೇಳಬೇಕು. ನೇರ ಮುಖ ನೋಡಿ. ಮರೈನ್, ಗೋಡಲೀವ ಅಲ್ಲ, ಆ ಗಡ್ಡ ನಾನೇ —