ಅಮ್ಮನ ರೂಮಿನ ವೈರ್ ಕೀಳಬೇಡ

ತಮ್ಮಾ,

ಲ್ಯಾಪ್‌ಟಾಪಿಗೆ ಪ್ರಿಂಟರ್ ಸಿಗ್ತಿಲ್ಲ ಅಂತ ಅಮ್ಮನ ರೂಮಿನ ರೂಟರ್ ವೈರ್ ಕಿತ್ತು ಪ್ರಿಂಟರಿಗೆ ಸಿಕ್ಕಿಸ್ಬೇಡ, ದಮ್ಮಯ್ಯ ಅಂತೀನಿ. ಪ್ರಿಂಟರ್ ಇರೋದು ಹಾಲ್ ರೂಟರಲ್ಲಿ. ನಿನ್ನ ಲ್ಯಾಪ್‌ಟಾಪನ್ನ ಹಾಲ್ ವೈಫೈಗೆ ಹಾಕ್ಕೋ, ತಾನಾಗೇ ಸಿಗುತ್ತೆ.

ಆ ವೈರ್ ಕಿತ್ರೆ ಅಮ್ಮನ ಮಂಚದ ಹತ್ತಿರದ ಕ್ಯಾಮೆರಾ ನಿಂತು ಹೋಗುತ್ತೆ. ನಾನು ಅಂಗಡಿಯಿಂದ ಫೋನಲ್ಲಿ ಅವಳನ್ನ ನೋಡ್ತಿರೋದು ಅದರಲ್ಲೇ. ಫಿಟ್ಸ್ ಬಂದ್ರೆ ಅವಳಿಗೆ ಕೂಗೋಕಾಗಲ್ಲ. ನೀನಂತೂ ಕಿವಿಗೆ ಹೆಡ್‌ಫೋನ್ ಹಾಕಿ ಕೂತ್ರೆ ಲೋಕ ಮುಳುಗಿದ್ರೂ ಗೊತ್ತಾಗಲ್ಲ.

ಮೊದಲೆಲ್ಲ ಫೋನಲ್ಲಿ ಅಮ್ಮನ ರೂಮು ಕತ್ತಲಾದ್ರೆ ನಾನು ಹೊಲಿಗೆ ಮಷಿನ್ ಬಿಟ್ಟು ಮನೆಗೆ ಓಡಿ ಬರ್ತಿದ್ದೆ, ಜೀವ ಬಾಯಿಗೆ ಬಂದಿರ್ತಿತ್ತು. ನಿನ್ನೆ ಮತ್ತೆ ಕತ್ತಲಾಯ್ತು. "ಇವನೇ ಏನೋ ಪ್ರಿಂಟ್ ತೆಗೀತಿದ್ದಾನೆ" ಅಂದ್ಕೊಂಡು ಕೂತಲ್ಲೇ ಟೀ ಕುಡಿದು ಮುಗಿಸ್ದೆ.

ಏನೂ ಆಗಿರಲಿಲ್ಲ, ಸರಿ. ಆದ್ರೆ ನಿಜವಾಗ್ಲೂ ಫಿಟ್ಸ್ ಬಂದಿದ್ರೂ ನಾನು ಆ ಟೀ ಕುಡೀತಾನೇ ಕೂತಿರ್ತಿದ್ದೆ ಕಣೋ.

ಅಕ್ಕ